ಸೈಕಲ್ ಪಂದ್ಯದ ಎರಡು ದಿನಗಳು ಮತ್ತು ಊರಿನ ರಸ್ತೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಗಣಿ, ಅಣೆಕಟ್ಟುಗಳ ವಿಷಯವನ್ನೇ ಹೆಚ್ಚಾಗಿ ಚರ್ಚಿಸುವ ಈ ವೇದಿಕೆಯಲ್ಲಿ ಸೈಕಲ್ ಪಂದ್ಯದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅದೂ ಘಟ್ಟದ ಸೀಮೆಯ ಪಂದ್ಯವಲ್ಲ. ಕಬ್ಬು, ಭತ್ತ, ರಾಗಿ ಬೆಳೆಯುವ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನದು. ಆದರೆ ರಸ್ತೆಯೆಂಬುದು ಕೆರೆ, ಗೋಮಾಳ, ಕಾನುಗಳಂತೆಯೇ ಊರಿನ ಸಮುದಾಯದ ಸ್ವತ್ತು. ಗೋಮಾಳ ಒತ್ತುವರಿಯಾದರೆ ಗ್ರಾಮಸ್ಥರಿಗೆ ತಿಳಿಯುತ್ತದೆ. ಕೆರೆ ಬತ್ತಿದರೂ ತಿಳಿಯುತ್ತದೆ. ರಸ್ತೆ ಕೈತಪ್ಪಿದ್ದು ಮಾತ್ರ ಬೇಗ ತಿಳಿಯುವುದಿಲ್ಲ. ಅದು ಅಗಲವಾಗುತ್ತ, ನುಣುಪಾಗುತ್ತ, ಅಭಿವೃದ್ಧಿಯ ಹೆಸರಿನಲ್ಲಿಯೇ ಕೈತಪ್ಪುತ್ತದೆ. ಆ ನಷ್ಟವನ್ನು ಬಲುಬೇಗ ಅರಿಯುವವರಲ್ಲಿ ಸೈಕಲ್ ಸವಾರನೂ ಒಬ್ಬ. ಅವನ ಒಂದು ಶನಿವಾರವನ್ನೂ ಒಂದು ಭಾನುವಾರವನ್ನೂ ಗಮನವಿಟ್ಟು ನೋಡಿದರೆ ರಸ್ತೆಯ ಕುರಿತು ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಇಲ್ಲಿ ವಿವರಿಸುವುದು ಯಾವುದೋ ಒಂದು ನಿರ್ದಿಷ್ಟ ಪಂದ್ಯದ ವರದಿಯಲ್ಲ. ಸವಾರನೂ ಹೆಸರುಳ್ಳ ಒಬ್ಬ ವ್ಯಕ್ತಿಯಲ್ಲ. ಹವ್ಯಾಸಿ ತಂಡಗಳು ತಮ್ಮೊಳಗೇ ಏರ್ಪಡಿಸಿಕೊಳ್ಳುವ ಪಂದ್ಯಗಳ ವಾರಾಂತ್ಯವೊಂದು ಈ ಮೂರು ಊರುಗಳ ನಡುವೆ ಹೇಗೆ ಸಾಗುತ್ತದೆ ಎಂಬುದರ ಚಿತ್ರ ಮಾತ್ರ ಇದು.

ಮೊದಲು ಸ್ಥಳದ ಪರಿಚಯ. ಬೆಂಗಳೂರಿನಿಂದ ಮಂಡ್ಯಕ್ಕೆ ಸುಮಾರು 100 ಕಿ.ಮೀ.; ಮಂಡ್ಯಕ್ಕಿಂತ ಸುಮಾರು 20 ಕಿ.ಮೀ. ಮೊದಲೇ ಶಿಂಷಾ ನದಿಯ ದಡದ ಮದ್ದೂರು ಸಿಗುತ್ತದೆ. ಮದ್ದೂರಿನಿಂದ ದಕ್ಷಿಣಕ್ಕೆ ಹೊರಟ ರಸ್ತೆಯು ಜನ ಕೆ.ಎಂ. ದೊಡ್ಡಿಯೆಂದು ಕರೆಯುವ ಭಾರತೀನಗರವನ್ನು ಹಾಯ್ದು ಮಳವಳ್ಳಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಶಿವನಸಮುದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಜಲಪಾತದ ತಾಣ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಯನ್ನು ಹಸಿರಾಗಿಸಿದೆ. ಮಳವಳ್ಳಿಯ ಕಡೆಗೆ ಹೋದಂತೆ ನಾಲೆಯ ಕೊನೆಯ ಭಾಗ ಬರುತ್ತದೆ. ನೀರಿನ ಮಾತು ಬಿಗಿಯಾಗುತ್ತದೆ, ಗದ್ದೆಯ ಜೊತೆಗೆ ಹೊಲ ಕಾಣಿಸಿಕೊಳ್ಳುತ್ತದೆ, ನೆಲ ಅಲೆಯಲೆಯಾಗಿ ಏರಿಳಿಯುತ್ತದೆ. ಘಟ್ಟದವರ ಕಣ್ಣಿಗೆ ಇದು ಏರೇ ಅಲ್ಲ. ಆದರೆ ಮೂವತ್ತು ಕಿ.ಮೀ. ದೂರ ಒಂದೇ ಉಸಿರಿಗೆ ತುಳಿದವನ ಕಾಲಿಗೆ ಪ್ರತಿಯೊಂದು ದಿಣ್ಣೆಯ ಲೆಕ್ಕವೂ ಸಿಗುತ್ತದೆ.

ಸೈಕಲ್ ಪಂದ್ಯ ಕರ್ನಾಟಕಕ್ಕೆ ಹೊಸತಲ್ಲ. ವಿಜಯಪುರ, ಬಾಗಲಕೋಟೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸವಾರರು ಹಲವು ದಶಕಗಳಿಂದ ಬರುತ್ತಿದ್ದಾರೆ. ಮೈಸೂರು ದಸರೆಯ ಕ್ರೀಡೆಗಳಲ್ಲಿಯೂ ಸೈಕಲ್ ಓಟಕ್ಕೆ ಸ್ಥಾನವುಂಟು. 2000ದ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಮತ್ತೊಂದು ಬಗೆಯ ಸವಾರರು ಕಾಣಿಸಿಕೊಂಡರು. ಇವರು ಉದ್ಯೋಗಸ್ಥರು, ವಾರವಿಡೀ ದುಡಿದು, ವಾರಾಂತ್ಯದಲ್ಲಿ ಸೈಕಲ್ ತುಳಿಯುವವರು. ಬೆಂಗಳೂರು, ಮೈಸೂರು, ನೀಲಗಿರಿಗಳ ಕಡೆಗೆ ನೂರಾರು ಕಿ.ಮೀ. ಸಾಗುವ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ ಆರಂಭವಾದದ್ದು 2008ರ ಡಿಸೆಂಬರಿನಲ್ಲಿ. ಕ್ರಮೇಣ ಈ ಹವ್ಯಾಸ ಸಣ್ಣ ಪಟ್ಟಣಗಳಿಗೂ ಹಬ್ಬಿತು. ಒಂದೇ ತಂಡದಲ್ಲಿ ಶಾಲಾ ಶಿಕ್ಷಕ, ಬ್ಯಾಂಕಿನ ನೌಕರ, ಕಬ್ಬು ಬೆಳೆಯುವ ಮನೆಯ ತರುಣ, ಬೆಂಗಳೂರಿನಿಂದ ವಾರಕ್ಕೊಮ್ಮೆ ಊರಿಗೆ ಬರುವ ಎಂಜಿನಿಯರ್ ಇವರೆಲ್ಲ ಜೊತೆಗೂಡಿರುವುದು ಇಂದು ಅಪರೂಪವಲ್ಲ.

ಶನಿವಾರ ನಸುಕಿನ ಐದು ಗಂಟೆ. ಪುಷ್ಯದ ಚಳಿ, ಗದ್ದೆಬಯಲಿನ ಮೇಲೆ ಮಂಜು ನಿಂತಿರುತ್ತದೆ. ಅಂದು ನಡೆಯುವುದು ಟೈಮ್ ಟ್ರಯಲ್. ಸವಾರರನ್ನು ಒಬ್ಬೊಬ್ಬರನ್ನಾಗಿ, ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಹತ್ತು ಕಿ.ಮೀ. ಹೋಗಿ, ತಿರುಗಿ, ಹೊರಟಲ್ಲಿಗೇ ಬರಬೇಕು. ಇನ್ನೊಬ್ಬ ಸವಾರನ ಬೆನ್ನ ಹಿಂದೆ ಅವಿತು ತುಳಿಯುವಂತಿಲ್ಲ. ಸಹಾಯವಿಲ್ಲ, ತಂತ್ರವಿಲ್ಲ, ಗಡಿಯಾರ ಒಂದೇ ಎದುರಾಳಿ.

ಗಡಿಯಾರಕ್ಕಿಂತಲೂ ದೊಡ್ಡ ಎದುರಾಳಿ ಗಾಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಸಾಗುವವನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಕಾಲುಗಳು ಕ್ಷಣಕ್ಷಣವೂ ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗಕ್ಕೆ ಬೆಲೆಯುಂಟು, ಆ ಬೆಲೆ ವೇಗಕ್ಕಿಂತಲೂ ವೇಗವಾಗಿ ಏರುತ್ತದೆ ಎಂಬುದನ್ನು ಸೈಕಲ್ ಸವಾರ ಪುಸ್ತಕದಿಂದ ಕಲಿಯಬೇಕಾಗಿಲ್ಲ. ತೊಡೆಯ ನೋವು ಕಲಿಸುತ್ತದೆ. ಮೋಟಾರು ವಾಹನಕ್ಕೂ ಗಾಳಿಯ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿ ಮಾತ್ರ ನೋಯುವ ಕಾಲುಗಳಿಲ್ಲ, ಉರಿಯುವುದು ಪೆಟ್ರೋಲು. ಚಾಲಕನು ಪಾದವನ್ನು ಒಂದಿಂಚು ಒತ್ತಿದರೆ ಸಾಕು, ಅದರ ಬೆಲೆಯನ್ನು ಬೇರೆಯವರು, ಬೇರೆಲ್ಲಿಯೋ, ಬೇರೊಂದು ಕಾಲದಲ್ಲಿ ತೆರುತ್ತಾರೆ.

ನಮ್ಮ ಸವಾರನ ಓಟ ಸುಮಾರು ಮೂವತ್ತೈದು ನಿಮಿಷಗಳಲ್ಲಿ ಮುಗಿಯುತ್ತದೆ. ಅವನು ಗೆಲ್ಲುವುದಿಲ್ಲ; ಸಾಮಾನ್ಯವಾಗಿ ಪಟ್ಟಿಯ ನಡುವೆ ಎಲ್ಲಿಯೋ ನಿಲ್ಲುತ್ತಾನೆ. ಹವ್ಯಾಸಿಗಳಲ್ಲಿ ಹೆಚ್ಚಿನವರ ಕಥೆ ಅದೇ. ಕಳೆದ ಸಲಕ್ಕಿಂತ ಇಪ್ಪತ್ತು ಸೆಕೆಂಡು ಮೊದಲು ಬಂದೆನೆಂಬುದು ಅವನಿಗೆ ದೊಡ್ಡ ಸುದ್ದಿ. ತಂಡದವರೆಲ್ಲ ರಸ್ತೆಬದಿಯ ಹೋಟೆಲಿನಲ್ಲಿ ಕುಳಿತು, ಇಡ್ಲಿ ತಿಂದು, ಕಾಫಿ ಕುಡಿದು, ಸೆಕೆಂಡುಗಳ ಲೆಕ್ಕವನ್ನು ಮಧ್ಯಾಹ್ನದವರೆಗೂ ಎಳೆಯುತ್ತಾರೆ.

ಭಾನುವಾರದ ಆಟ ಬೇರೆ. ಅಂದು ರೋಡ್ ರೇಸ್. ಎಲ್ಲರೂ ಒಟ್ಟಿಗೆ ಹೊರಡುವ ದೀರ್ಘ ಓಟ. ಇಲ್ಲಿ ಗಾಳಿಯನ್ನು ಹಂಚಿಕೊಳ್ಳಲು ಅವಕಾಶವುಂಟು. ಮುಂದಿನವನ ಬೆನ್ನಿಗೆ ಹತ್ತಿರವಾಗಿ ತುಳಿಯುವವನ ಶ್ರಮ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಬಲ್ಲುದು. ಆದ್ದರಿಂದ ಒಂದು ತಂಡದ ನಾಲ್ವರು ಸರದಿಯಂತೆ ಮುಂದೆ ಬಂದು ಗಾಳಿಯನ್ನು ಎದುರಿಸುತ್ತಾರೆ. ತಮ್ಮಲ್ಲಿ ಬಲಿಷ್ಠನಾದವನನ್ನು ಕೊನೆಯ ಕಿ.ಮೀ.ವರೆಗೆ ಬೆನ್ನ ಮರೆಯಲ್ಲಿ ಕಾಯುತ್ತಾರೆ. ಮುಂದೆ ತುಳಿದು ದಣಿದವನು ಹಿಂದೆ ಬೀಳುತ್ತಾನೆ. ಅವನ ಹೆಸರು ಫಲಿತಾಂಶದ ಮೇಲ್ಭಾಗದಲ್ಲಿ ಇರುವುದಿಲ್ಲ. ಗೆದ್ದವನಿಗೆ ಮಾತ್ರ ಅವನ ಪಾಲು ತಿಳಿದಿರುತ್ತದೆ. ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಇಂದು ನಿನ್ನ ಓಟ, ನಾಳೆ ನನ್ನ ಓಟ.

ಈ ಭಾನುವಾರ ನಮ್ಮ ಸವಾರ ಓಡುವುದಿಲ್ಲ. ಶನಿವಾರವೇ ಶಕ್ತಿ ತೀರಿದೆ. ಮಳವಳ್ಳಿಯ ಕಡೆಯ ತಿರುವೊಂದರಲ್ಲಿ ನೀರಿನ ಬಾಟಲಿಗಳನ್ನು ಹಿಡಿದು ನಿಲ್ಲುವುದು ಅವನ ಪಾಲಿನ ಕೆಲಸ. ಸೈಕಲ್ ಪಂದ್ಯದ ಪ್ರೇಕ್ಷಕನಿಗೆ ಕಾಣಸಿಗುವುದು ಬಹಳ ಕಡಿಮೆ. ಎರಡು ಗಂಟೆ ಕಾದರೆ ಬಣ್ಣಬಣ್ಣದ ಗುಂಪೊಂದು ಸರಪಳಿಗಳ ಸದ್ದಿನೊಡನೆ ಬಂದು ಹತ್ತು ಸೆಕೆಂಡಿನಲ್ಲಿ ಮರೆಯಾಗುತ್ತದೆ. 1903ರಲ್ಲಿ ಆರಂಭವಾದ ಫ್ರಾನ್ಸಿನ ಪ್ರಸಿದ್ಧ ಪಂದ್ಯ ಟೂರ್ ಡಿ ಫ್ರಾನ್ಸ್‌ನ ಪ್ರೇಕ್ಷಕರ ಪಾಡೂ ಇದೇ. ಆ ಪಂದ್ಯವನ್ನು ರಸ್ತೆಬದಿಯಲ್ಲಿ ನೋಡಲು ಟಿಕೇಟು ಬೇಕಿಲ್ಲ. ಹಳ್ಳಿಯವರು ತಮ್ಮ ಮನೆಯ ಮುಂದೆಯೇ ಕುರ್ಚಿ ಹಾಕಿ ಕೂರುತ್ತಾರೆ. ಆಟ ಜನರ ಬಳಿಗೆ ಬಂದು ಹೋಗುತ್ತದೆ.

ಉಳಿದ ಎರಡು ಗಂಟೆ ಪ್ರೇಕ್ಷಕನು ಏನನ್ನು ನೋಡುತ್ತಾನೆ? ರಸ್ತೆಯನ್ನು ನೋಡುತ್ತಾನೆ. ತುಳಿಯುವಾಗ ಮುಂದಿನ ಚಕ್ರವನ್ನು ಮಾತ್ರ ಕಂಡವನಿಗೆ, ನಿಂತಾಗ ರಸ್ತೆ ತುಂಬ ಜನ ಕಾಣುತ್ತಾರೆ. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಹಳೆಯ ಸೈಕಲ್ಲು. ಕಬ್ಬು ಹೇರಿಕೊಂಡು ಕಾರ್ಖಾನೆಯ ಕಡೆಗೆ ನಿಧಾನವಾಗಿ ಸಾಗುವ ಎತ್ತಿನಗಾಡಿ, ಟ್ರ್ಯಾಕ್ಟರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಣ್ಣುಮಗಳು. ಮೇಯಲು ಹೊರಟ ಕುರಿಯ ಹಿಂಡು. ಕ್ರಿಕೆಟ್ ಆಡಲು ಬ್ಯಾಟು ಹಿಡಿದು ಹೊರಟ ಹುಡುಗರು. ಅವರಲ್ಲೊಬ್ಬ ದೊಡ್ಡ ಸೈಕಲ್ಲಿನ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತಿರುತ್ತಾನೆ. ಅರಳಿಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಕೇಳುತ್ತಾರೆ: “ಗೆದ್ದೋನ್ಗೆ ಏನ್ ಕೊಟ್ಟಾರು ಮಗಾ?” “ಪದಕ ಕೊಡ್ತಾರೆ ಯಜಮಾನ್ರೇ, ಅಷ್ಟೇ.” “ಪದಕಕ್ಕಾ ಇಷ್ಟೊಂದು ತುಳಿಯೋದು!” ಮಂಡ್ಯದ ಸೀಮೆಯವರು ಜೋಡೆತ್ತಿನ ಗಾಡಿಯ ಓಟವನ್ನು ಕಂಡವರು. ಊರಹಬ್ಬದಲ್ಲಿ, ರಾಜ್ಯೋತ್ಸವದಲ್ಲಿ ಎಲ್ಲರಿಗಿಂತ ತಡವಾಗಿ ಗೆರೆ ಮುಟ್ಟಿದವನೇ ಗೆಲ್ಲುವ ನಿಧಾನ ಸೈಕಲ್ ಸ್ಪರ್ಧೆಯನ್ನೂ ಕಂಡವರು. ಓಟದ ಮರ್ಮ ಅವರಿಗೆ ಚೆನ್ನಾಗಿಯೇ ತಿಳಿದಿದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸುಗ್ಗಿಯ ದಿನಗಳಲ್ಲಿ ಈ ಭಾಗದ ರಸ್ತೆಯೇ ಕಣವಾಗುತ್ತದೆ. ಹುರುಳಿ, ರಾಗಿಯ ತೆನೆಗಳನ್ನು ಡಾಂಬರಿನ ಮೇಲೆ ಹರವುತ್ತಾರೆ. ಹಾದುಹೋಗುವ ವಾಹನಗಳ ಚಕ್ರಗಳೇ ಒಕ್ಕಣೆ ಮಾಡುತ್ತವೆ. ಸೈಕಲ್ ಸವಾರನಿಗೆ ಇದು ಅಪಾಯಕರ. ತೆಳುವಾದ ಚಕ್ರ ಹುರುಳಿಯ ಬಳ್ಳಿಯ ಮೇಲೆ ಜಾರುತ್ತದೆ. ಬಳ್ಳಿ ಸರಪಳಿಗೆ, ಗೇರಿಗೆ ಸುತ್ತಿಕೊಂಡು ಸವಾರ ಬೀಳಬಹುದು. ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಅಧಿಕಾರಿಗಳು ಎಚ್ಚರಿಸುತ್ತಲೇ ಇರುತ್ತಾರೆ. ದ್ವಿಚಕ್ರ ವಾಹನದವರು ಬಿದ್ದ ನಿದರ್ಶನಗಳೂ ಇವೆ. ಆದರೆ ರೈತನ ಕಡೆಯಿಂದಲೂ ನೋಡಬೇಕಲ್ಲವೇ? ಸಗಣಿ ಸಾರಿಸಿ ಕಣ ಮಾಡುವ ಜಾಗ ಎಲ್ಲಿ ಉಳಿದಿದೆ? ಕಣ ಕಟ್ಟಲು, ರೋಣಗಲ್ಲು ಹೊಡೆಯಲು ಆಳುಗಳೆಲ್ಲಿ? ಊರ ಮುಂದಿನ ಬಯಲು ಹೋದ ಮೇಲೆ ರೈತ ರಸ್ತೆಗೆ ಬಂದಿದ್ದಾನೆ.

ಹಾಗಾದರೆ ಪಂದ್ಯ ನಡೆಸುವವರು ಏನು ಮಾಡಬೇಕು? ಪೊಲೀಸರ ಅನುಮತಿ ಪಡೆದು, ರಸ್ತೆ ತಮ್ಮದೆಂದು ಸಾರಿ, ಕಣವನ್ನು ಎತ್ತಿಸಬಹುದು. ಇಲ್ಲವೆ ವಾರಕ್ಕೆ ಮೊದಲೇ ಊರಿಗೆ ಬಂದು ಮಾತನಾಡಬಹುದು. ವಿವೇಕವುಳ್ಳ ತಂಡಗಳು ಎರಡನೆಯದನ್ನೇ ಆರಿಸಿಕೊಳ್ಳುತ್ತವೆ. ಯಾವ ಹೊತ್ತಿಗೆ ಹಾಲಿನ ಕ್ಯಾನು ಹೋಗುತ್ತದೆ, ಎಷ್ಟು ಗಂಟೆಗೆ ಮೊದಲ ಬಸ್ಸು, ಯಾರ ಹುರುಳಿ ಎಲ್ಲಿ ಹರವಿದೆ ಎಂದು ವಿಚಾರಿಸುತ್ತವೆ. ‘ಭಾನುವಾರ ಒಂಬತ್ತು ಗಂಟೆಯವರೆಗೆ ಅರ್ಧ ರಸ್ತೆ ಬಿಡಿ, ಆಮೇಲೆ ನಿಮ್ಮ ಕಣ ನಿಮಗೆ’ ಎಂಬ ಒಪ್ಪಂದಕ್ಕೆ ಊರವರು ಬೇಡವೆನ್ನುವುದು ಕಡಿಮೆ. ಊರಿನ ಹುಡುಗರೇ ಕೆಂಪು ಬಟ್ಟೆ ಹಿಡಿದು ತಿರುವಿನಲ್ಲಿ ನಿಲ್ಲುತ್ತಾರೆ. ದನ ಅಡ್ಡ ಬಂದರೆ ಅಟ್ಟುತ್ತಾರೆ. ಪಂದ್ಯವೂ ಸ್ವಲ್ಪ ಹೊತ್ತು ರಸ್ತೆಯನ್ನು ಆಕ್ರಮಿಸುತ್ತದೆ ಎಂಬುದು ನಿಜ. ಆದರೆ ಕೇಳಿ ಪಡೆಯುತ್ತದೆ, ಹೇಳಿದ ಹೊತ್ತಿಗೆ ಮರಳಿಸುತ್ತದೆ. ಸಮುದಾಯದ ಸ್ವತ್ತನ್ನು ಬಳಸುವ ಸರಿಯಾದ ಕ್ರಮ ಇದೇ.

ಇದೇ ಸೀಮೆಯಲ್ಲಿ ಕೇಳದೆ ಪಡೆದ, ಎಂದೂ ಮರಳಿಸದ ರಸ್ತೆಯೂ ಒಂದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯುದ್ದಕ್ಕೂ ಒಂದು ಕಾಲದಲ್ಲಿ ಸಾಲುಮರಗಳ ನೆರಳಿತ್ತು. ರಸ್ತೆ ಅಗಲವಾದಂತೆ ಮರಗಳು ಉರುಳಿದವು. ಆ ಬಳಿಕ 118 ಕಿ.ಮೀ. ಉದ್ದದ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿ ಹೊರಗಿನಿಂದಲೇ ಸಾಗುವ ಎಕ್ಸ್‌ಪ್ರೆಸ್ ಹೆದ್ದಾರಿ ಬಂತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲಿಯೇ ಅಪಘಾತಗಳು ಹೆಚ್ಚಿದವು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್, ಎತ್ತಿನಗಾಡಿ ಮೊದಲಾದ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಲಾಯಿತು.

ಅಷ್ಟು ವೇಗದ ಕಾರುಗಳ ನಡುವೆ ಸೈಕಲ್ ಸವಾರ ಇರಬಾರದೆಂಬುದು ಒಪ್ಪತಕ್ಕ ಮಾತೇ. ಅನುಭವವುಳ್ಳ ಯಾವ ಸವಾರನೂ ಅಲ್ಲಿ ತುಳಿಯಲು ಬಯಸುವುದಿಲ್ಲ. ಪ್ರಶ್ನೆ ಬೇರೆಯದು. ಅಪಾಯವನ್ನುಂಟುಮಾಡುವುದು ವೇಗ, ರಸ್ತೆಯಿಂದ ಹೊರಗಾದವನು ನಿಧಾನಿ. ಅವನಿಗೆಂದು ಉಳಿದ ಪಕ್ಕದ ಸೇವಾರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಊರೂರಿಗೆ ನಿಲ್ಲುವ ಬಸ್ಸುಗಳೆಲ್ಲ ಒಟ್ಟುಗೂಡುತ್ತವೆ. ಆಚೆ ಬದಿಯ ಗದ್ದೆಗೆ ಹೋಗಬೇಕಾದವನು ಕೆಳಸೇತುವೆಯನ್ನು ಹುಡುಕಿ ಸುತ್ತು ಹಾಕಬೇಕು. ಹಳೆಯ ರಸ್ತೆಯ ಪ್ರಯಾಣಿಕರನ್ನೇ ನೆಚ್ಚಿದ್ದ ಮದ್ದೂರು ವಡೆಯ ಹೋಟೆಲುಗಳಿಗೆ, ಚನ್ನಪಟ್ಟಣದ ಗೊಂಬೆಯಂಗಡಿಗಳಿಗೆ ವ್ಯಾಪಾರ ಇಳಿಯಿತು. ಊರಿನ ನಡುವೆ ಹಾಯುತ್ತಿದ್ದ ರಸ್ತೆಯ ಬದಲು, ಊರನ್ನು ಎರಡಾಗಿ ಸೀಳುವ ಗೋಡೆ ಎದ್ದಿತು ಎಂದು ಹಲವು ಹಳ್ಳಿಗಳವರು ದೂರಿದ್ದಾರೆ.

ಮಂಡ್ಯದಿಂದ ದಕ್ಷಿಣಕ್ಕೆ ಹೋದರೆ ರಸ್ತೆಗೆ ಕಡಿವಾಣ ಹಾಕಿದ ಇನ್ನೊಂದು ಉದಾಹರಣೆ ಸಿಗುತ್ತದೆ. ಬಂಡೀಪುರದ ಕಾಡಿನ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂತು. ಅಲ್ಲಿ ನಿಧಾನವಾಗಿ ದಾಟುವ ಆನೆಗಾಗಿ, ಜಿಂಕೆಗಾಗಿ ವೇಗದ ವಾಹನವನ್ನು ತಡೆಯಲಾಯಿತು. ಮಂಡ್ಯದಲ್ಲಿ ವೇಗದ ವಾಹನಕ್ಕಾಗಿ ನಿಧಾನದವನನ್ನು ತಡೆಯಲಾಯಿತು. ಎರಡೂ ಸರ್ಕಾರದ ಆದೇಶಗಳೇ. ಯಾರ ಸಲುವಾಗಿ ಯಾರನ್ನು ತಡೆಯಬೇಕೆಂಬುದು ನಿಸರ್ಗದ ನಿಯಮವಲ್ಲ, ಜನರು ಮಾಡಿಕೊಳ್ಳುವ ನಿರ್ಧಾರ ಎಂಬುದು ಇದರಿಂದ ತಿಳಿಯುತ್ತದೆ. ನಿರ್ಧಾರವೆಂದ ಮೇಲೆ ಅದನ್ನು ಪ್ರಶ್ನಿಸಬಹುದು, ಬದಲಿಸಲೂಬಹುದು.

ಬದಲಿಸಿದ ದೇಶವೊಂದುಂಟು. ನೆದರ್ಲೆಂಡ್ಸ್ ಇಂದು ಸೈಕಲ್ಲಿನ ನಾಡೆಂದು ಹೆಸರಾಗಿದೆ. ಆದರೆ 1950ರ, 60ರ ದಶಕಗಳಲ್ಲಿ ಅಲ್ಲಿಯೂ ಕಾರಿಗಾಗಿ ಬೀದಿಗಳನ್ನು ಅಗಲಗೊಳಿಸಲಾಗಿತ್ತು. 1971ರ ಒಂದೇ ವರ್ಷದಲ್ಲಿ ಸುಮಾರು 3,300 ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ 400ಕ್ಕಿಂತ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಯರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಘೋಷಣೆಯೊಂದಿಗೆ ಬೀದಿಗಿಳಿದರು. ಮಕ್ಕಳೇ ಸೈಕಲ್ ಏರಿ ಮೆರವಣಿಗೆ ಹೊರಟರು. 1973ರ ತೈಲ ಬಿಕ್ಕಟ್ಟು ಅವರ ವಾದಕ್ಕೆ ಬಲ ನೀಡಿತು. ಸೈಕಲ್ ಪಥಗಳು ಬಂದದ್ದು ಆ ಬಳಿಕ. ಹೋರಾಟಕ್ಕೆ ಮುನ್ನ ಅವರ ಬೀದಿಗಳೂ ಉಳಿದ ದೇಶಗಳ ಬೀದಿಗಳಂತೆಯೇ ಇದ್ದವು. ಭಾರತದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರು ಕಾಲ್ನಡಿಗೆಯವರು. ಅದೇ 1970ರ ದಶಕದಲ್ಲಿ ಚಿಂತಕ ಇವಾನ್ ಇಲ್ಲಿಚ್ ಶಕ್ತಿ ಮತ್ತು ಸಮಾನತೆಯ ಕುರಿತು ಬರೆಯುತ್ತ, ಸಂಚಾರದ ವೇಗ ಒಂದು ಮಿತಿಯನ್ನು ದಾಟಿದರೆ ಸಮಾಜದಲ್ಲಿ ಸಮಾನತೆ ಉಳಿಯುವುದಿಲ್ಲವೆಂದು ವಾದಿಸಿದ್ದ. ಆ ಮಿತಿ ಹೆಚ್ಚುಕಡಿಮೆ ಸೈಕಲ್ಲಿನ ವೇಗವೇ ಆಗಿತ್ತು.

ಇಷ್ಟಾದ ಮೇಲೆ ಸವಾರನ ಲೋಪಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಪರಿಸರಕ್ಕೆ ಸೈಕಲ್ಲೇ ಹಿತವೆಂದು ಹೇಳುವವರಲ್ಲಿ ಅನೇಕರು ಪಂದ್ಯಕ್ಕೆ ಬರುವುದು ಕಾರಿನಲ್ಲಿ. ಸೈಕಲ್ ಕಾರಿನ ನೆತ್ತಿಯ ಮೇಲಿರುತ್ತದೆ. ನಲವತ್ತು ಕಿ.ಮೀ. ತುಳಿಯುವುದಕ್ಕೆ ಇನ್ನೂರು ಕಿ.ಮೀ. ಕಾರು ಓಡಿಸಿದರೆ ಲೆಕ್ಕ ಎಲ್ಲಿ ನಿಂತಿತು? ಮದ್ದೂರಿಗೂ ಮಂಡ್ಯಕ್ಕೂ ಬೆಂಗಳೂರಿನಿಂದ ರೈಲುಗಳುಂಟು. ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಿ ತರಲು ಅವಕಾಶವುಂಟು. ಮಳವಳ್ಳಿಗೆ ರೈಲಿಲ್ಲ, ಆದರೆ ಮದ್ದೂರಿನಲ್ಲಿ ಇಳಿದವನಿಗೆ ಮಳವಳ್ಳಿ ದೂರವಲ್ಲ. ಇನ್ನೊಂದು ಲೋಪ ಕಸದ್ದು. ತುಳಿಯುತ್ತಲೇ ತಿಂದ ಪೊಟ್ಟಣದ ಹಾಳೆ ಅಂಗಿಯ ಜೇಬಿಗೆ ಮರಳುವ ಬದಲು ಕಬ್ಬಿನ ಗದ್ದೆಗೆ ಬೀಳುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2021ರಲ್ಲಿ ನಿಯಮವನ್ನು ಬಿಗಿಗೊಳಿಸಿ, ಗೊತ್ತುಪಡಿಸಿದ ಜಾಗದ ಹೊರಗೆ ಕಸ ಎಸೆಯುವ ಸವಾರರಿಗೆ ದಂಡವನ್ನೂ ಪಂದ್ಯದಿಂದ ಹೊರಹಾಕುವ ಶಿಕ್ಷೆಯನ್ನೂ ಗೊತ್ತುಮಾಡಿತು. ಹವ್ಯಾಸಿಗಳ ಪಂದ್ಯದಲ್ಲಿ ದಂಡ ವಿಧಿಸುವವರಿಲ್ಲ. ತಿರುವಿನಲ್ಲಿ ನಿಂತ ಜೊತೆಗಾರನೇ ಹಾಳೆಗಳನ್ನು ಆರಿಸಿ ಚೀಲಕ್ಕೆ ತುಂಬುವುದು ಒಳ್ಳೆಯ ತಂಡದ ಲಕ್ಷಣ.

ಮೂರನೆಯ ಲೋಪ ಇನ್ನೂ ದೊಡ್ಡದು. ಹವ್ಯಾಸಿ ಸವಾರರು ಸಂಘಟಿತರಾಗಿ ಕೇಳುವುದು ಬಹುತೇಕ ನಗರದ ಸೈಕಲ್ ಪಥಗಳನ್ನು. ಆದರೆ 2011ರ ಜನಗಣತಿಯಂತೆ ಭಾರತದ ಶೇ. 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಅವುಗಳಲ್ಲಿ ಪಂದ್ಯದ ಸೈಕಲ್ಲುಗಳೆಷ್ಟು? ಹಾಲು ಹಾಕುವವನದು, ಪತ್ರಿಕೆ ಹಂಚುವ ಹುಡುಗನದು, ಗಾರೆ ಕೆಲಸದವನದು, ಶಾಲೆಯ ಮಕ್ಕಳದೇ ಹೆಚ್ಚು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ದೂರದ ಪ್ರೌಢಶಾಲೆಗೆ ನಡೆದು ಹೋಗಬೇಕಾಗಿದ್ದ ಸಾವಿರಾರು ಹೆಣ್ಣುಮಕ್ಕಳಿಗೆ ದಾರಿ ತೆರೆಯಿತು. 2020ರಲ್ಲಿ ಕೋವಿಡ್ ಬಂದ ಬಳಿಕ ಆ ವಿತರಣೆ ನಿಂತುಹೋಯಿತು. ಸೇವಾರಸ್ತೆಯಲ್ಲಿ ಬೆದರಿ ತುಳಿಯುವ ಆ ಹುಡುಗಿಯ ಪರವಾಗಿ, ದುಬಾರಿ ಸೈಕಲ್ ಏರಿದ ಸವಾರ ದನಿಯೆತ್ತಬೇಕು. ರೋಡ್ ರೇಸಿನಲ್ಲಿ ಬಲವುಳ್ಳವನು ಮುಂದೆ ಬಂದು ಗಾಳಿಯನ್ನು ತಡೆಯುವುದನ್ನು ಕಲಿತವನಿಗೆ ಈ ಕರ್ತವ್ಯವನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ.

ಇನ್ನು ಮಲೆನಾಡಿನ ಮಾತು. ಇಲ್ಲಿ ಸೈಕಲ್ ಏರಿನಲ್ಲಿ ತಳ್ಳುವ, ಇಳಿಜಾರಿನಲ್ಲಿ ಏರುವ ವಾಹನ. ಸರ್ಕಾರ ಕೊಟ್ಟ ಸೈಕಲ್ಲು ಎಷ್ಟೋ ಮನೆಗಳಲ್ಲಿ ಕಾಲುಸಂಕದ ಈಚೆಗೇ ನಿಂತದ್ದನ್ನು ಎಲ್ಲರೂ ಬಲ್ಲರು. ಆದುದರಿಂದ ಬಯಲಿನ ಅನುಭವವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೆ ಘಟ್ಟದ ರಸ್ತೆಗಳನ್ನು ಅಗಲಗೊಳಿಸುವ, ಗುಡ್ಡ ಕಡಿದು ನೇರವಾಗಿಸುವ ಯೋಜನೆಗಳು ಒಂದರ ಹಿಂದೊಂದು ಬರುತ್ತಿವೆ. ಆಗೆಲ್ಲ ಚರ್ಚೆ ಕಡಿದ ಮರಗಳ ಎಣಿಕೆಗೆ, ಕುಸಿದ ಗುಡ್ಡಕ್ಕೆ ಸೀಮಿತವಾಗುತ್ತದೆ. ಅವು ಅಗತ್ಯವೇ. ಅದರ ಜೊತೆಗೆ ಮತ್ತೊಂದು ಎಣಿಕೆಯೂ ಆಗಬೇಕು: ಈ ರಸ್ತೆಯಲ್ಲಿ ಇಂದು ನಡೆಯುವವರು ಯಾರು, ತುಳಿಯುವವರು ಯಾರು, ದನ ಹೊಡೆದುಕೊಂಡು ದಾಟುವವರು ಯಾರು? ಅಗಲವಾದ ಮೇಲೆ ಅವರಿಗೆ ಎಲ್ಲಿ ಜಾಗ?

ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಮಾಡಬಹುದು. ಪಂದ್ಯ ನೋಡಲು ನಿಂತ ಸವಾರನಂತೆ, ಊರಿನ ರಸ್ತೆಯ ತಿರುವೊಂದರಲ್ಲಿ ಬೆಳಿಗ್ಗೆ ಎರಡು ಗಂಟೆ ಕುಳಿತುಕೊಳ್ಳಿರಿ. ಹಾಳೆಯ ಮೇಲೆ ಗೆರೆ ಎಳೆದು, ನಡೆಯುವವರು, ಸೈಕಲ್ಲು, ಎತ್ತಿನಗಾಡಿ, ಬೈಕು, ಬಸ್ಸು, ಕಾರು, ಲಾರಿ ಎಂದು ಬೇರೆಬೇರೆಯಾಗಿ ಎಣಿಸಿರಿ. ವಾಹನಗಳನ್ನಷ್ಟೇ ಎಣಿಸದೆ ಅವುಗಳಲ್ಲಿರುವ ಜನರನ್ನೂ ಎಣಿಸಿರಿ. ಮಳೆಗಾಲದಲ್ಲಿ ಒಮ್ಮೆ, ಸುಗ್ಗಿಯಲ್ಲಿ ಒಮ್ಮೆ, ಶಾಲೆಯ ದಿನ ಒಮ್ಮೆ, ರಜೆಯ ದಿನ ಒಮ್ಮೆ ಎಣಿಸಿರಿ. ಶಾಲೆಗೆ ಹೋಗುವ ದಾರಿಯಲ್ಲಿ ಮಕ್ಕಳು ಎಲ್ಲಿ ಹೆದರುತ್ತಾರೆ ಎಂಬುದನ್ನು ಅವರನ್ನೇ ಕೇಳಿ ಗುರುತಿಸಿರಿ. ಆ ಹಾಳೆಯನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆಸಿರಿ. ರಸ್ತೆಯ ಯೋಜನೆಯನ್ನು ಹೊತ್ತು ಅಧಿಕಾರಿಗಳು ಬರುವಾಗ ವಾಹನಗಳ ಲೆಕ್ಕವನ್ನು ತಂದೇ ಬರುತ್ತಾರೆ. ನಡೆಯುವವರ ಲೆಕ್ಕ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. ಅದು ಊರವರ ಬಳಿ ಬರೆದಿಟ್ಟ ರೂಪದಲ್ಲಿ ಸಿದ್ಧವಾಗಿರಲಿ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಒಳರಸ್ತೆಗಳಲ್ಲಿ ಹಾಲಿನ ಕ್ಯಾನಿಗೂ, ಹುರುಳಿಯ ಕಣಕ್ಕೂ, ಪಂದ್ಯದ ಸವಾರನಿಗೂ ಇನ್ನೂ ಜಾಗವಿದೆ. ಮಾತನಾಡಿ ಹೊಂದಿಕೊಂಡರೆ ಮೂವರಿಗೂ ಸಾಲುತ್ತದೆ. ಮಲೆನಾಡಿನ ರಸ್ತೆಗಳಲ್ಲಿಯೂ ಅಂತಹ ಜಾಗ ಉಳಿದಿರುವಾಗಲೇ ಅದನ್ನು ಬರೆದಿಡುವ, ಕಾಯ್ದುಕೊಳ್ಳುವ ಕೆಲಸ ಆರಂಭವಾಗಬೇಕು. ಈ ಸಭೆಯಿಂದ ಹೊರಟವರಲ್ಲಿ ಹತ್ತು ಊರಿನವರಾದರೂ ಬರುವ ಭಾನುವಾರ ಒಂದು ಹಾಳೆ, ಒಂದು ಪೆನ್ನು ಹಿಡಿದು ತಮ್ಮ ರಸ್ತೆಯ ಬದಿಯಲ್ಲಿ ಕುಳಿತರೆ ಈ ಉಪನ್ಯಾಸದ ಉದ್ದೇಶ ನೆರವೇರಿದಂತೆ.